ಇಂದ್ರವ್ವನ ಹೆಸರಿನ ಮೊಣಕಾಲು

ಕಂಪನಿಯ ಮನುಷ್ಯ ಡಬ್ಬಿಯನ್ನು ಮೇಜಿನ ಮೇಲೆ ಇಡುವುದೇ ತಡ, ನೇಮಣ್ಣ ಕನ್ನಡಕ ಏರಿಸಿ ಅದರ ಮೇಲಿನ ಚೀಟಿಗೆ ಮುಖ ಹಚ್ಚಿದ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ, ಮುಟ್ಟಿದ್ದನ್ನು ಇಡೀ ವಾರ್ಡಿಗೆ ಕೇಳುವಂತೆ ಓದಿದ.

"ಆಯ್... ಎನ್... ಡಿ... ಇಂದ್ರವ್ವ! ಖರೇನ ಇಂದ್ರವ್ವ ಅಂತ ಐತಲೇ ಅರಿಹಂತ! ನಿಮ್ಮವ್ವನ ಹೆಸರ ಪರದೇಶದಾಗ ಅಚ್ಚ ಹಾಕ್ಯಾರ ನೋಡು!"

ಮಗ ಅರಿಹಂತ "ಹ್ಞೂಂ" ಅಂದು ಮೊಬೈಲಿನಲ್ಲಿ ಡಬ್ಬಿಯ ಫೋಟೋ ತೆಗೆದ. ಅವನ ಹೆಂಡತಿ ರೂಪಾಲಿ ಬಟ್ಟೆಯ ಗಂಟನ್ನು ಎದೆಗೆ ಅವಚಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಅವಳು ಯಾವಾಗಲೂ ಆರಿಸಿಕೊಳ್ಳುವ ಜಾಗ ಅಂಥದ್ದು. ಅಲ್ಲಿಂದ ಎಲ್ಲರೂ ಕಾಣುತ್ತಾರೆ, ಅವಳನ್ನು ಯಾರೂ ತಿರುಗಿ ನೋಡುವುದಿಲ್ಲ.

ಮಂಚದ ಮೇಲೆ ಅತ್ತೆ ಇಂದ್ರವ್ವ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು, ಎಡಗಾಲು ಚಾಚಿ, ಪಲ್ಲಕ್ಕಿಯಲ್ಲಿ ಕೂತವಳ ಹಾಗೆ ಕೂತಿದ್ದಳು. ಹನ್ನೊಂದು ಗಂಟೆಗೆ ಆಪರೇಷನ್. ಕೆಳಗೆ ನೆಲದ ಮೇಲೆ ಅವಳ ತಂಗಿ ಶೆಟ್ಟೆವ್ವ, ಸೋಸಿದ ನೀರಿನ ತಂಬಿಗೆಯ ಬಾಯಿಗೆ ಅರಿವೆ ಕಟ್ಟುತ್ತ ಕೂತಿದ್ದಳು. ಗೋಕಾಕದ ಆಸ್ಪತ್ರೆಯ ನೀರು ಈ ಜೈನ ಮನೆಯವರ ಗಂಟಲಲ್ಲಿ ಇಳಿಯುವುದಿಲ್ಲ. ಘೋಡಗೇರಿಯಿಂದ ಹೊತ್ತು ತರಬೇಕು, ಹೊರುವವಳು ಶೆಟ್ಟೆವ್ವ.

ಕಂಪನಿಯವನು ಡಬ್ಬಿಗೆ ಕೈ ಅಡ್ಡ ಇಟ್ಟ. "ಇದನ್ನ ಇಲ್ಲಿ ಬಿಚ್ಚಂಗಿಲ್ರಿ. ಆಪರೇಷನ್ ಖೋಲಿಯಾಗ ಡಾಕ್ಟರ ಬಿಚ್ತಾರ. ನಿಮಗ ನೋಡಾಕ ಇದು ಐತಿ," ಅಂತ ಬೇರೆ ಒಂದು ಪೊಟ್ಟಣದಿಂದ ಬಿಳಿ ಪ್ಲಾಸ್ಟಿಕ್ಕಿನ ಎಲುಬು ತೆಗೆದ. "ಸ್ಕ್ಯಾನಿನ ಮ್ಯಾಲಿಂದ ಮಾಡಿದ್ದು. ಅಮ್ಮಾರ ಎಲುಬು ಹೆಂಗೈತೋ ಹಂಗ. ಒಂದ ಕೂದಲಿನಷ್ಟೂ ಫರಕ ಇಲ್ಲ."

ಆ ಎಲುಬಿನ ಬದಿಗೂ ಇಂದ್ರವ್ವನ ಹೆಸರು ಕೊರೆದಿತ್ತು. ನೇಮಣ್ಣ ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡು ಪಕ್ಕದ ಮಂಚಕ್ಕೆ ಹೋದ. ಅಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಕುರಿಗಾರ ಬೀರಸಿದ್ದಪ್ಪನ ಕೈಗೆ ಕೊಟ್ಟ. ಮನೆಯೊಳಗೆ ಉಳ್ಳಾಗಡ್ಡಿ ಬಂದರೆ ಹೊಸ್ತಿಲು ತೊಳೆಸುವ ಮನುಷ್ಯ ಹೆಂಡತಿಯ ಎಲುಬನ್ನು ಊರ ಕೈಗೆಲ್ಲ ಕೊಟ್ಟು ಬರುವುದನ್ನು ರೂಪಾಲಿ ನೋಡುತ್ತ ನಿಂತಳು.

"ಮುಟ್ಟಿ ನೋಡೋ ಬೀರಸಿದ್ದಪ್ಪ. ನಮ್ಮಾಕಿ ಎಲುಬು ಇದು."

ಬೀರಸಿದ್ದಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದ. "ಮುದಿ ಕುರಿ ಮೊಣಕಾಲ ಇದ್ದಂಗ ಐತಲ್ರಿ ಸಾವಕಾರ್ರ."

ಯಾರೋ ಕಿಸಕ್ಕನೆ ನಕ್ಕರು. ನೇಮಣ್ಣ ಎಲುಬನ್ನು ಕಸಿದುಕೊಂಡ.

ರೂಪಾಲಿ ನಗಲಿಲ್ಲ. ಆ ಬಿಳಿ ಎಲುಬಿನ ಒಳಬದಿಗೆ ಬೆರಳ ತುದಿ ಕೂರುವಷ್ಟು ಒಂದು ತಗ್ಗು ಇತ್ತು. ಸವೆದ ಜಾಗ. ಅದು ಯಾರ ತಗ್ಗು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದವರು ಆ ಕೋಣೆಯಲ್ಲಿ ಇನ್ನೂ ನಾಲ್ವರಿದ್ದರು. ಅವರ‍್ಯಾರಿಗೂ ಅದು ಒಂದು ವಿಷಯ ಅನ್ನಿಸಿರಲಿಲ್ಲ.

ಇದೆಲ್ಲ ಶುರುವಾದದ್ದು ಮೇ ತಿಂಗಳಲ್ಲಿ, ಹುಕ್ಕೇರಿಯ ಮೊಣಕಾಲು ಶಿಬಿರದಲ್ಲಿ. ಬೆಳಗಾವಿಯಿಂದ ಬಂದಿದ್ದ ಗುರುರಾಜ ಡಾಕ್ಟರು ಇಂದ್ರವ್ವನ ಕಾಲು ಮಡಚಿ ನೋಡಿ, ಎಕ್ಸ್‌ರೇ ಬೆಳಕಿಗೆ ಹಿಡಿದು, ಕೀಲು ಪೂರ್ತಿ ಕೆಟ್ಟಿಲ್ಲ, ಒಳಗಿನ ಅರ್ಧ ಮಾತ್ರ ಸವೆದಿದೆ ಅಂದರು. ಮೊದಲಿನ ಹಾಗೆ ಇಡೀ ಮೊಣಕಾಲು ಕತ್ತರಿಸಿ ತೆಗೆಯಬೇಕಿಲ್ಲ. ಕಾಲಿನ ಸ್ಕ್ಯಾನ್ ತೆಗೆದು ಹೊರದೇಶಕ್ಕೆ ಕಳಿಸಿದರೆ ಅವರ ಎಲುಬಿನ ಅಳತೆಗೇ ಲೋಹದ ಸಣ್ಣ ಟೊಪ್ಪಿಗೆ ಮಾಡಿ ಕಳಿಸುತ್ತಾರೆ. ಸಣ್ಣ ಸೀಳು ಹಾಕಿ ಸವೆದ ಜಾಗಕ್ಕೆ ಅದನ್ನು ತೊಡಿಸುವುದು, ಮೂರನೆಯ ದಿನ ನಡೆಸುವುದು.

ನೇಮಣ್ಣನಿಗೆ ಇದರಲ್ಲಿ ಹಿಡಿಸಿದ ಮಾತು ಒಂದೇ, ಹೊರದೇಶ. ಸೊಸೈಟಿಯ ಚೇರಮನ್ ಅಣ್ಣಪ್ಪನ ತಾಯಿಗೆ ಹೋದ ವರ್ಷ ಮಿರಜದಲ್ಲಿ ಇಡೀ ಮೊಣಕಾಲು ಹಾಕಿಸಿದ್ದರು. ಅಂದಿನಿಂದ ಅಣ್ಣಪ್ಪ ಸೊಸೈಟಿಯ ಕಟ್ಟೆಯ ಮೇಲೆ ತನ್ನ ತಾಯಿಯ ಕಾಲನ್ನು ಬಿಟ್ಟು ಬೇರೆ ಮಾತು ಆಡಿರಲಿಲ್ಲ.

"ಅಣ್ಣಪ್ಪಂದು ಸಂತ್ಯಾಗ ತಂದ ರೆಡಿಮೇಡ ಅಂಗಿ," ಅಂತ ನೇಮಣ್ಣ ಮರುದಿನವೇ ಅದೇ ಕಟ್ಟೆಯ ಮೇಲೆ ಹೇಳಿದ. "ನಮ್ಮದು ಮೈ ಅಳತಿಗೆ ಹೊಲಿಸಿದ್ದು."

ಅಷ್ಟರಲ್ಲಿ ಊರಿಗೆ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಬಂದರು. ಬಸದಿಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ವ್ರತ ಹಿಡಿದರು. ಎದುರು ಮನೆಯ ಕಮಲವ್ವ ನಾಲ್ಕು ತಿಂಗಳು ತುಪ್ಪ ಬಿಟ್ಟೆ ಅಂದಳು. ಇಂದ್ರವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇಬ್ಬರು ಹಿಡಿದೆಬ್ಬಿಸಿದ ಮೇಲೆ ಕೈ ಮುಗಿದು, ದೀಪಾವಳಿಯ ದಿನ ಬಸದಿಯಲ್ಲಿ ನಿರ್ವಾಣದ ಲಾಡು ಏರಿಸುವತನಕ ಘೋಡಗೇರಿಯ ಸೀಮೆ ದಾಟುವುದಿಲ್ಲ ಅಂತ ವ್ರತ ಹಿಡಿದಳು. ಅಂಗಳ ದಾಟಲಾರದ ಕಾಲಿಗೆ ಸೀಮೆ ದಾಟದ ವ್ರತ. ಬಸದಿ ತುಂಬ ಜೈಕಾರ ಆಯಿತು. ಕಂಬದ ಮರೆಯಲ್ಲಿ ನಿಂತಿದ್ದ ರೂಪಾಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಕ್ತಿ ಅಂತ ನೋಡಿದವರು ತಿಳಿದರು.

ಆಗಸ್ಟ್ ಕೊನೆಗೆ ಡಾಕ್ಟರ ಫೋನು ಬಂತು. ಹತ್ತು ದಿನದೊಳಗೆ ಬೆಳಗಾವಿಗೆ ಬಂದು ಸ್ಕ್ಯಾನ್ ತೆಗೆಸಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಮಾತು. ಇಂದ್ರವ್ವ ಅತ್ತಳು. ಮುಂದಿನ ವರ್ಷದತನಕ ಕಾಲು ಕಾಯಲಾರದು, ಮಹಾರಾಜರ ಎದುರಿಗೆ ಹಿಡಿದ ವ್ರತ ಬಿಡಲಾರಳು. ಎರಡು ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ನೇಮಣ್ಣನ ಮುಖ ಅರಳಿತು.

"ಅಳತಿ ಕೊಡಾಕ ನೀನ ಯಾಕ ಹೋಗಬೇಕ? ಶೆಟ್ಟೆವ್ವನ್ನ ಕಳಸೂಣು."

"ಅಕಿನ್ಯಾಕ?" ಅಂದಳು ಇಂದ್ರವ್ವ.

"ಜಂಪರ ಹೊಲಿಸಾಕ ಏನ ಮಾಡ್ತಿ? ನಿಂದೊಂದ ಅಳತಿ ಜಂಪರ ಕೊಡ್ತಿ, ಇಬ್ರಿಗೂ ಬರತೈತಿ. ಹೌದಿಲ್ಲೋ? ಒಂದ ತಾಯಿ ಹೊಟ್ಟ್ಯಾಗ ಹುಟ್ಟೀರಿ. ಅದ ನಡಿಗಿ, ಅದ ಎತ್ತರ. ಮತ್ತ ಅಕಿಗೂ ಎಡಗಾಲ ನೋಯತೈತಿ ಅಂತೀರಲ್ಲ? ಇನ್ನೇನ ಬೇಕ?"

ಇಂದ್ರವ್ವ ಕಣ್ಣೊರೆಸಿಕೊಂಡು ಸೊಸೆಯ ಕಡೆಗೆ ತಿರುಗಿದಳು. "ಖರೇನ. ಒಂಬತ್ತ ವರ್ಷಾತು, ನಂದ ಅಳತಿ ಮ್ಯಾಲೆ ಇಬ್ರಿಗೂ ಹೊಲೀತಾಳ ಇಕಿ. ಒಂದರೆ ಹೊಲಿಗಿ ಬಿಚ್ಚಿಲ್ಲ. ಹೌದಿಲ್ಲೇನ ಮೂಗಿ?"

ಮೂಗಿ ಅಂತ ಕರೆಸಿಕೊಂಡು ರೂಪಾಲಿಗೆ ರೂಢಿಯಾಗಿತ್ತು. ಅವಳು ತಲೆ ತಗ್ಗಿಸಿದಳು. ಆ ಮನೆಯಲ್ಲಿ ತಲೆ ತಗ್ಗಿಸಿದರೆ ಹೌದು ಅಂತ ಅರ್ಥ.

ಹೌದಾಗಿರಲಿಲ್ಲ. ಬೆಲ್ಲದ ಬಾಗೇವಾಡಿಯಲ್ಲಿ ಏಳನೆಯ ಇಯತ್ತೆಗೆ ಸಾಲಿ ಬಿಡಿಸಿದ ಮೇಲೆ ರೂಪಾಲಿ ಹೊಲಿಗೆ ಕಲಿತವಳು. ಮದುವೆಯಾಗಿ ಬಂದ ವರ್ಷ ದಸರೆಗೆ ಅತ್ತೆ ಹೇಳಿದ ಹಾಗೆ ಒಂದೇ ಅಳತೆಗೆ ಎರಡು ಜಂಪರು ಹೊಲಿದಿದ್ದಳು. ಮರುದಿನ ಹಿತ್ತಲಲ್ಲಿ ಶೆಟ್ಟೆವ್ವ ನೀರು ಸೇದುವಾಗ ನೋಡಿದರೆ ಜಂಪರಿನ ತೋಳು ಜೋತುಬಿದ್ದಿತ್ತು, ಬೆನ್ನಿಗೆ ಎರಡು ಕಡೆ ಪಿನ್ನು ಚುಚ್ಚಿಕೊಂಡಿದ್ದಳು. ಗಂಡ ಸತ್ತ ಮೇಲೆ ಅಕ್ಕನ ಮನೆಗೆ ಬಂದು ಇಪ್ಪತ್ತು ವರ್ಷದಿಂದ ಒಲೆಯ ಹೊಗೆ ಕುಡಿದ ಮೈ. ಕೂತು ತುಪ್ಪ ತಿಂದ ಅಕ್ಕನ ಅಳತೆಗೆ ಅದು ಎಲ್ಲಿಂದ ಬರಬೇಕು? ಆ ವರ್ಷದಿಂದ ರೂಪಾಲಿ ಯಾರಿಗೂ ಹೇಳದೆ ಶೆಟ್ಟೆವ್ವನ ಜಂಪರಿಗೆ ಪಕ್ಕದಲ್ಲಿ ಅರ್ಧ ಇಂಚು, ತೋಳಿಗೆ ಅರ್ಧ ಇಂಚು ಒಳಗೆ ಹಿಡಿಯುತ್ತಿದ್ದಳು. ಶೆಟ್ಟೆವ್ವ ಏನೂ ಕೇಳಿರಲಿಲ್ಲ. ಇಂದ್ರವ್ವ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಳು: "ನಾನೂ ನಮ್ಮ ತಂಗಿ ಒಂದ ಅಳತಿ. ಮೈಕಟ್ಟ ನಮ್ಮ ತೌರಮನಿದು." ಅದನ್ನು ಕೇಳಿದಾಗೆಲ್ಲ ರೂಪಾಲಿಗೆ ಒಳಗೊಳಗೇ ಸುಖವಾಗುತ್ತಿತ್ತು. ಇವರಿಗೆ ತಮ್ಮ ಮೈಯೂ ಗೊತ್ತಿಲ್ಲ ಎಂಬ ಸುಖ.

ಬೆಳಗಾವಿಗೆ ಶೆಟ್ಟೆವ್ವನ ಜೊತೆ ಹೋದವಳೂ ಅವಳೇ. ಸಾವಕಾರರ ಮನೆಯವಳು ಅಂತ ಕಾಣಬೇಕಲ್ಲ, ಇಂದ್ರವ್ವ ತನ್ನ ಇಳಕಲ್ ಸೀರೆ ಉಡಿಸಿ ಕಳಿಸಿದ್ದಳು. ಸ್ಕ್ಯಾನ್ ಮಾಡುವಲ್ಲಿ "ಇಂದ್ರವ್ವ ನೇಮಣ್ಣ" ಅಂತ ಕೂಗಿದಾಗ ಶೆಟ್ಟೆವ್ವ ಏಳಲಿಲ್ಲ. ರೂಪಾಲಿ ಮೊಣಕೈ ತಾಗಿಸಿದ ಮೇಲೆ "ಹ್ಞಾಂ, ನಾನರಿ" ಅಂತ ಎದ್ದಳು.

ಸ್ಕ್ಯಾನ್ ತೆಗೆದ ಹುಡುಗಿ ಪರದೆ ನೋಡಿ ಹೊರಗೆ ಬಂದಳು. "ಅಮ್ಮಾ, ಈ ಕಾಲ ಇಟ್ಕೊಂಡ ಹೆಂಗ ಅಡ್ಡಾಡ್ತೀರಿ?"

"ರೂಢಿ ಆಗೇತ್ರಿ," ಅಂದಳು ಶೆಟ್ಟೆವ್ವ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳು ಆ ಸೀರೆಯ ಸೆರಗನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಮನೆ ಮುಟ್ಟಿದೊಡನೆ ಬಿಚ್ಚಿ, ಮಡಚಿ, ಅಕ್ಕನ ಪೆಟ್ಟಿಗೆಯಲ್ಲಿ ಇಟ್ಟು, ಒಲೆ ಹೊತ್ತಿಸಿದಳು.

ಡಾಕ್ಟರಿಗೆ ಗೊತ್ತಾಗದೆ ಇರುವುದಿಲ್ಲ ಅಂತ ರೂಪಾಲಿ ತಿಳಿದಿದ್ದಳು. ಅಷ್ಟು ಓದಿದವರು, ಹಿಡಿದೇ ಹಿಡಿಯುತ್ತಾರೆ. ಆಗ ಮಾವನ ಮುಖ ನೋಡಬೇಕು ಅಂತ ಎರಡು ತಿಂಗಳು ಕಾದಳು. ಯಾರೂ ಹಿಡಿಯಲಿಲ್ಲ. ದೀಪಾವಳಿ ಆಯಿತು, ವ್ರತ ಮುಗಿಯಿತು. ಇಂದ್ರವ್ವ ಹಾರ ಹಾಕಿಸಿಕೊಂಡು ಸೀಮೆ ದಾಟಿ ಗೋಕಾಕಕ್ಕೆ ಬಂದು ಮಂಚ ಏರಿದಳು. ಈಗ ಹತ್ತೂ ಕಾಲು.

ಗುರುರಾಜ ಡಾಕ್ಟರು ಬಂದರು. ಹಿಂದೆ ನರ್ಸ್. ಇಂದ್ರವ್ವನ ಎಡ ಮೊಣಕಾಲಿನ ಮೇಲೆ ನೀಲಿ ಪೆನ್ನಿನಿಂದ ಸಣ್ಣ ಗೆರೆ ಎಳೆದರು, ಬೆರಳುದ್ದ.

"ಇಷ್ಟ ಸೀಳೂದು. ಅಂಜಬ್ಯಾಡ್ರಿ. ಟೊಪ್ಪಿಗಿ ಎಲುಬಿನ ಮ್ಯಾಲೆ ಕುಂತ್ರ ನಡುವ ದಾರ ಹೋಗೂವಷ್ಟೂ ಸಂದ ಇರಂಗಿಲ್ಲ. ಅದಕ್ಕ ಸೀಳು ಸಣ್ಣದ ಸಾಕ."

"ನಾ ಯಾಕ ಅಂಜಲ್ರಿ?" ಇಂದ್ರವ್ವ ನಕ್ಕಳು. "ನಮ್ಮ ಅಳತಿ ತಪ್ಪೂದ ಇಲ್ಲ. ಬೇಕಾರ ನಮ್ಮ ಸೊಸಿನ್ನ ಕೇಳ್ರಿ, ಒಂಬತ್ತ ವರ್ಷ ಆತು. ಏ ಮೂಗಿ, ಹೇಳ ಡಾಕ್ಟರಿಗೆ!"

ಡಾಕ್ಟರಿಗೆ ಅರ್ಥವಾಗಲಿಲ್ಲ. ಆದರೂ ಕಿಟಕಿಯ ಕಡೆಗೆ ನೋಡಿದರು. ನರ್ಸ್ ನೋಡಿದಳು, ಬೀರಸಿದ್ದಪ್ಪ ನೋಡಿದ. ಇಷ್ಟು ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದು ಮದುವೆಯ ದಿನ ಬಿಟ್ಟರೆ ರೂಪಾಲಿಗೆ ಇದೇ ಮೊದಲು. ನೀಲಿ ಗೆರೆಯ ಸುತ್ತ ಅತ್ತೆಯ ಬಿಳಿ, ಮೆತ್ತನೆಯ, ಉಬ್ಬಿದ ಮೊಣಕಾಲು ಕಾಣುತ್ತಿತ್ತು. ದಿನಾ ರಾತ್ರಿ ಎಣ್ಣೆ ಹಚ್ಚಿ ತಿಕ್ಕಿದ ಮೊಣಕಾಲು. ಅದರ ಗಂಟು ಎಲ್ಲಿ, ಹಳ್ಳ ಎಲ್ಲಿ ಅಂತ ಅವಳ ಕೈಗೆ ಗೊತ್ತು. ಬಿಚ್ಚಿ ಮತ್ತೆ ಹೊಲಿಯಲು ಇದು ಅರಿವೆಯಲ್ಲ.

"ಆ ಅಳತಿ ಅತ್ತಿಯವರದಲ್ರಿ," ಅಂದಳು.

ದನಿ ಎಷ್ಟು ಸಣ್ಣದಿತ್ತೆಂದರೆ ಡಾಕ್ಟರು "ಏನಂದ್ರಿ?" ಅಂತ ಎರಡು ಹೆಜ್ಜೆ ಹತ್ತಿರ ಬಂದರು.

"ಸ್ಕ್ಯಾನಿಗೆ ಬಂದಿದ್ದು ಅತ್ತಿಯವರಲ್ಲ. ಸಣ್ಣತ್ತಿ ಬಂದಿದ್ರು." ಅವಳು ನೆಲದ ಕಡೆ ನೋಡಿದಳು. ಶೆಟ್ಟೆವ್ವನ ಕೈ ತಂಬಿಗೆಯ ಮೇಲೆ ನಿಂತಿತು.

"ಏ ಹುಚ್ಚಿ, ಬಾಯಿ ಮುಚ್ಚ!" ನೇಮಣ್ಣ ಗುಡುಗಿದ. "ಸಾಲಿ ಕಲೀಲಾರದಾಕಿ, ನಿನಗೇನ ತಿಳೀತೈತಿ? ಇಲ್ರಿ ಡಾಕ್ಟರ, ಅದೇನಾತು, ಇಕಿ ವ್ರತ ಹಿಡಿದಿದ್ಲು. ಅದಕ್ಕ ಅಕಿನ್ನ ಕಳಸಿದ್ವಿ. ಎರಡೂ ಒಂದರಿ. ಅಕ್ಕ-ತಂಗಿ, ಒಂದ ಅಳತಿ!"

"ಒಂದ ಅಳತಿ ಅಂತ ನಿಮಗ ಯಾರ ಹೇಳಿದ್ರು?"

"ಜಂಪರ ಬರತೈತ್ರಿ!"

ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ಮೇ ತಿಂಗಳ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕಕ್ಕೆ ಪ್ಲಾಸ್ಟಿಕ್ಕಿನ ಎಲುಬು ಹಿಡಿದರು. ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಗಾಗಿದ್ದು ರೂಪಾಲಿಗೆ ಕಂಡಿತು. ಎಕ್ಸ್‌ರೇಯೂ ಸ್ಕ್ಯಾನೂ ಎರಡು ತಿಂಗಳಿಂದ ಅವರ ಹತ್ತಿರವೇ ಇದ್ದವು, ಒಮ್ಮೆಯೂ ಹೀಗೆ ಒಂದರ ಪಕ್ಕ ಒಂದು ಹಿಡಿದಿರಲಿಲ್ಲ. ಓದಿದವರೂ ಇಷ್ಟೇ.

"ಸೀಳಿದ ಮ್ಯಾಲೆ ಗೊತ್ತಾಗತಿತ್ತು," ಅಂದರು ಕೊನೆಗೆ. "ಆಗ ನಾ ಏನ ಮಾಡ್ಲಿಕ್ಕೂ ಬರತಿದ್ದಿಲ್ಲ."

"ಜಂಪರನೂ ಬರೂದಿಲ್ರಿ," ಅಂದಳು ರೂಪಾಲಿ. ಹೊರಟ ಮಾತು ನಿಲ್ಲಲಿಲ್ಲ. "ಸಣ್ಣತ್ತಿದಕ್ಕ ನಾನ ಅರ್ಧ ಇಂಚ ಹಿಡೀತಿದ್ನಿ."

ಇಂದ್ರವ್ವ ಈಗ ಮಂಚದ ಮೇಲೆ ಮುಂದಕ್ಕೆ ಸರಿದು ಕೂತಳು. ಕಾಲು ಉಳಿಯಿತು ಎಂಬುದು ಅವಳ ಮುಖದಲ್ಲಿ ಎಲ್ಲೂ ಕಾಣಲಿಲ್ಲ.

"ಒಂಬತ್ತ ವರ್ಷ? ಒಂಬತ್ತ ವರ್ಷ ನನಗ ಮೋಸ ಮಾಡಿದಿ? ಊರಾಗೆಲ್ಲ ನಾ ಏನಂತ ಹೇಳ್ಕೋಂತ ಬಂದೇನಿ!"

ಡಾಕ್ಟರು ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಅವರು ಶೆಟ್ಟೆವ್ವನನ್ನು ನೋಡುತ್ತಿದ್ದರು. "ನೀವೇನ್ರಿ ಸ್ಕ್ಯಾನಿಗೆ ಬಂದಿದ್ದು? ಒಂದ ಸಲ ಎದ್ದ ನಿಲ್ಲರಿ."

ಶೆಟ್ಟೆವ್ವ ಮೊದಲು ತಂಬಿಗೆಯನ್ನು ದೂರ ಸರಿಸಿದಳು. ಬಲಗೈ ಮಂಚದ ಕಾಲಿಗೆ ಹಚ್ಚಿದಳು. ಬಲ ಮೊಣಕಾಲು ಊರಿದಳು, ತುಸು ತಡೆದು ಉಸಿರು ಬಿಟ್ಟಳು. ಎಡಗಾಲನ್ನು ಕೈಯಿಂದ ಎತ್ತಿ, ಇನ್ನೊಬ್ಬರ ವಸ್ತು ಇಟ್ಟ ಹಾಗೆ ಮುಂದಕ್ಕೆ ಇಟ್ಟಳು. ಆಮೇಲೆ ಎದ್ದಳು.

"ಅಕಿಗೇನಾಗೇತ್ರಿ, ಗಟ್ಟಿ ಅದಾಳ," ಅಂದ ನೇಮಣ್ಣ. "ಇಡೀ ಮನಿ ಕೆಲಸ ಅಕೀನ ಮಾಡ್ತಾಳ."

"ಇದು ಗಟ್ಟಿ ಕಾಲಲ್ಲ." ಡಾಕ್ಟರು ಬಿಳಿ ಎಲುಬಿನ ತಗ್ಗಿಗೆ ಹೆಬ್ಬೆರಳಿಟ್ಟು ತೋರಿಸಿದರು. "ನಿಮ್ಮ ಹೆಂಡ್ತೀದಕಿಂತ ಕೆಟ್ಟೈತಿ. ನೋಡ್ರಿ ಸಾವಕಾರ್ರ, ಈ ಡಬ್ಬ್ಯಾಗಿಂದು ವಾಪಸ ಹೋಗಂಗಿಲ್ಲ, ಜಗತ್ತಿನಾಗ ಇನ್ನೊಬ್ಬರಿಗೂ ಬರಂಗಿಲ್ಲ. ಇವರಿಗೆ ಮಾತ್ರ ಬರತೈತಿ. ಇವರ ರಕ್ತ, ಬಿ.ಪಿ. ಎಲ್ಲಾ ಇವತ್ತ ನೋಡ್ಕೊಂಡ ನಾಡದ್ದ ಇವರಿಗೆ ಹಾಕತೇನಿ. ಅಕ್ಕಾರದು ಹೊಸದಾಗಿ ಮಾಡಸೂಣು."

ರೂಪಾಲಿ ಶೆಟ್ಟೆವ್ವನ ಮುಖ ನೋಡಿದಳು. ಆ ಮುಖದಲ್ಲಿ ಬಸ್ಸಿನಲ್ಲಿ ಸೆರಗು ಸವರುವಾಗ ಇದ್ದದ್ದು ಒಂದು ಗಳಿಗೆ ಬಂದು ಹೋಯಿತು.

ನೇಮಣ್ಣ ಹೆಂಡತಿಯ ಕಡೆ ನೋಡಿದ. ಇಂದ್ರವ್ವ ಡಬ್ಬಿಯ ಮೇಲಿನ ತನ್ನ ಹೆಸರು ನೋಡುತ್ತಿದ್ದಳು.

"ನನ್ನ ಹೆಸರ ಬರದದ್ದ ಅಕಿ ಕಾಲಾಗ ಹಾಕ್ತೀರಾ? ಊರಾಗ ಏನಂದಾರು? ಸಾವಕಾರ್ತಿ ಕುಂಟಿ, ಮನ್ಯಾಗಿನ ವಿಧವಿಗೆ ಪರದೇಶದ ಮೊಣಕಾಲ? ಬೇಕಾರ ಬಾವ್ಯಾಗ ಒಗಿತೇನಿ."

"ಬ್ಯಾಡ್ರಿ ಡಾಕ್ಟರ," ಅಂದಳು ಶೆಟ್ಟೆವ್ವ ತಕ್ಷಣ. ಯಾರೂ ಅವಳನ್ನು ಕೇಳಿರಲಿಲ್ಲ. "ನಂದ ಹೆಂಗೋ ನಡದೈತಿ. ನಾ ಮಲಕೊಂಡ್ರ ಅಡಗಿ ಚೌಕಾ ಯಾರ ನೋಡ್ಕೊಳ್ಳೂದು?"

ಡಾಕ್ಟರು ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ಮತ್ತೆ ಕಿಟಕಿಯ ಕಡೆ ನೋಡಿದರು. ಆಗ ಮಾತಾಡಿದವಳು ಈಗಲೂ ಏನಾದರೂ ಅಂದಾಳು ಅನ್ನುವ ಹಾಗೆ. ರೂಪಾಲಿ ಬಾಯಿ ತೆರೆದಳು. ಅರಿಹಂತ ಅವಳ ರಟ್ಟೆ ಹಿಡಿದು, "ಸಾಕ ಮಾಡ," ಅಂದ ಮೆಲ್ಲಗೆ. ಅವನು ಹಿಡಿದದ್ದು ಗಟ್ಟಿಯಾಗೇನೂ ಅಲ್ಲ. ಬಿಡಿಸಿಕೊಳ್ಳಬಹುದಿತ್ತು. ಅವಳು ಬಟ್ಟೆಯ ಗಂಟನ್ನು ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದಳು. ಡಾಕ್ಟರು ಎದ್ದು ಹೋದರು.

ಊರಿಗೆ ಬಂದ ಮೇಲೆ ನೇಮಣ್ಣ ಸೊಸೈಟಿಯ ಕಟ್ಟೆಯ ಮೇಲೆ, ಇಂದ್ರವ್ವನಿಗೆ ಸಕ್ಕರೆ ಹೆಚ್ಚಾಗಿ ಆಪರೇಷನ್ ಮುಂದೆ ಹೋಯಿತು ಅಂತ ಹೇಳಿದ. ಇಂದ್ರವ್ವನಿಗೆ ಸಕ್ಕರೆ ಇರಲಿಲ್ಲ. ಆ ದಿನದಿಂದ ಬಂದವರ ಎದುರಿಗೆ ಸಕ್ಕರೆ ಇಲ್ಲದ ಚಹಾ ಕುಡಿಯಬೇಕಾಯಿತು. ಡಬ್ಬಿಯನ್ನೂ ಬಿಳಿ ಎಲುಬನ್ನೂ ಪಡಸಾಲೆಯ ಗಾಜಿನ ಕಪಾಟಿನಲ್ಲಿ, ಸೊಸೈಟಿಯವರು ಕೊಟ್ಟ ಬೆಳ್ಳಿ ಬಣ್ಣದ ಬಹುಮಾನದ ಕಪ್ಪಿನ ಪಕ್ಕದಲ್ಲಿ ಇಟ್ಟರು. ಬಂದವರಿಗೆ ನೇಮಣ್ಣ ತೋರಿಸುತ್ತಿದ್ದ. "ಪರದೇಶದ್ದು. ಹೆಸರ ಓದ್ರಿ." ಅಣ್ಣಪ್ಪನೂ ಒಂದು ದಿನ ಬಂದು ಓದಿ ಹೋದ.

ರೂಪಾಲಿಯನ್ನು ಈಗ ಯಾರೂ ಮೂಗಿ ಅನ್ನುತ್ತಿರಲಿಲ್ಲ. ಏನೂ ಅನ್ನುತ್ತಿರಲಿಲ್ಲ. ಇಂದ್ರವ್ವ ತನ್ನ ಜಂಪರಿನ ಅರಿವೆಗಳನ್ನು ಘಟಪ್ರಭೆಯ ದರ್ಜಿಗೆ ಕಳಿಸತೊಡಗಿದಳು. ಶೆಟ್ಟೆವ್ವನ ಅರಿವೆ ಮಾತ್ರ ರೂಪಾಲಿಯ ಮಷೀನಿನ ಮೇಲೆ ಬಂದು ಬೀಳುತ್ತಿತ್ತು, ಜೊತೆಗೆ ಅಳತೆಯ ಜಂಪರು ಇಲ್ಲದೆ.

ಸಂಕ್ರಾಂತಿ ಹತ್ತಿರ ಬಂದ ಒಂದು ಮಧ್ಯಾಹ್ನ, ಎಲ್ಲರೂ ಊಟ ಮಾಡಿ ಒರಗಿದ್ದರು. ರೂಪಾಲಿ ಪಡಸಾಲೆಯ ಮೂಲೆಯಲ್ಲಿ ಮಷೀನು ತುಳಿಯುತ್ತಿದ್ದಳು. ಶೆಟ್ಟೆವ್ವ ಕಪಾಟು ಒರೆಸಲು ಬಂದಳು. ಕಪ್ಪು ಒರೆಸಿದಳು, ಡಬ್ಬಿ ಒರೆಸಿದಳು. ಎಲುಬು ಕೈಗೆ ಬಂದಾಗ ನಿಂತಲ್ಲಿ ನಿಲ್ಲಲಾಗಲಿಲ್ಲವೋ ಏನೋ, ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತು ಎಡಗಾಲು ಚಾಚಿದಳು. ಎಲುಬನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿದಳು. ಅವಳ ಹೆಬ್ಬೆರಳು ಒಳಬದಿಯ ತಗ್ಗನ್ನು ಹುಡುಕಿ, ಅಲ್ಲಿ ಕೂತಿತು. ಇನ್ನೊಂದು ಕೈಯ ಹೆಬ್ಬೆರಳು ಸೀರೆಯ ಮೇಲಿಂದ ಅದೇ ಜಾಗವನ್ನು ತನ್ನ ಮೊಣಕಾಲಿನಲ್ಲಿ ಹುಡುಕಿತು. ಎರಡನ್ನೂ ಒಟ್ಟಿಗೆ, ನಿಧಾನವಾಗಿ ತಿಕ್ಕತೊಡಗಿದಳು.

ರೂಪಾಲಿಯ ಕಾಲು ತಾನಾಗಿ ನಿಂತಿತು.

ಮಷೀನಿನ ಸದ್ದು ನಿಂತದ್ದಕ್ಕೆ ಶೆಟ್ಟೆವ್ವ ತಲೆ ಎತ್ತಿದಳು. ಕಪಾಟಿನ ಅಂಚು ಹಿಡಿದು, ಎಡಗಾಲನ್ನು ಕೈಯಿಂದ ಎತ್ತಿ ಇಟ್ಟು, ಎದ್ದಳು. ಎಲುಬನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ, ಹೆಸರಿರುವ ಬದಿ ಹೊರಗೆ ಕಾಣುವ ಹಾಗೆ ಇಟ್ಟು, ಗಾಜಿನ ಬಾಗಿಲು ಹಾಕಿದಳು.